ಬೇಡವೆಂದು ಮುಚ್ಚಿದ ಸದ್ದು

ಮೊನ್ನೆ ಶನಿವಾರ ಬೆಳಿಗ್ಗೆ ತಲೆನೋವಿಗೆಂದು ಮಾತ್ರೆ ಬಿಡಿಸುತ್ತಿದ್ದೆ. ಬೆಳ್ಳಿಬಣ್ಣದ ಹಾಳೆ ಚರ್ರೆಂದು ಹರಿದ ಕೂಡಲೇ ಮನಸ್ಸು ತಾನಾಗಿಯೇ ‘ಮೂವತ್ತಾರು’ ಎಂದಿತು. ನನ್ನ ವಯಸ್ಸು ಅಷ್ಟಾಗಿಲ್ಲ, ಅದಕ್ಕಿನ್ನೂ ಕೆಲವು ವರ್ಷಗಳಿವೆ. ನಮ್ಮ ಚಿಕ್ಕಪ್ಪನ ಬಳಿ ಇರುವ ಮೆಟಲ್ ಡಿಟೆಕ್ಟರಿನ ಪರದೆಯಲ್ಲಿ ಮಾತ್ರೆಹಾಳೆಗೆ ಮೂಡುವ ಸಂಖ್ಯೆ ಅದು. ಬೇರೆಯವರಿಗೆ ಮಲ್ಲಿಗೆಯ ವಾಸನೆಗೋ ಹಳೆಯ ಹಾಡಿಗೋ ಯಾರಾದರೂ ನೆನಪಾಗುತ್ತಾರಂತೆ. ನನಗೆ ಮಾತ್ರೆಹಾಳೆಗೆ ಸಾಕಮ್ಮ ನೆನಪಾಗುತ್ತಾಳೆ. ಇದರಲ್ಲಿ ಚೆಲುವು ಕಡಿಮೆ ಎಂದು ಒಪ್ಪುತ್ತೇನೆ. ನೆನಪಾದರೂ ಎರಡು ವರ್ಷದಿಂದ ಆ ನೆನಪನ್ನು ಪಕ್ಕಕ್ಕೆ ಸರಿಸಿ ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋಗಿದ್ದೇನೆ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ.

ಮೆಟಲ್ ಡಿಟೆಕ್ಟರ್ ಎಂದಾಗ ನಿಮಗೆ ನಿಧಿ ನೆನಪಾಗಿದ್ದರೆ ತಪ್ಪೇನಿಲ್ಲ, ನಮ್ಮೂರಿನವರಿಗೂ ಮೊದಲು ಹಾಗೇ ಆಗಿತ್ತು. ಚಿಕ್ಕಪ್ಪನಿಗೆ ಅದು ಬೇಕಾಗಿದ್ದು ಆಲೆಮನೆಗೆ. ಹಲಗೂರಿನಿಂದ ಸ್ವಲ್ಪ ಒಳಗಿರುವ ನಮ್ಮೂರಿನಲ್ಲಿ ಅವರು ಬೆಲ್ಲ ಕಾಯಿಸುತ್ತಾರೆ. ಹೊಲದಿಂದ ಬರುವ ಕಬ್ಬಿನ ಕಟ್ಟಿನಲ್ಲಿ ಒಂದು ಬೋಲ್ಟೋ ಮುರಿದ ಕುಡುಗೋಲಿನ ತುಂಡೋ ಸೇರಿಕೊಂಡು ಬಂದರೆ ಗಾಣದ ರೋಲರಿಗೆ ಪೆಟ್ಟು. ಗಾಣ ನಿಂತರೆ ಕಡಿದಿಟ್ಟ ಕಬ್ಬು ಒಣಗುತ್ತದೆ. ಹಾಗಾಗಿ ಕಟ್ಟುಗಳ ಮೇಲೆ ಆಡಿಸಲು ಒಂದು ಹಳೆಯ ಯಂತ್ರವಿತ್ತು. ಉದ್ದನೆಯ ಕೋಲು, ತುದಿಯಲ್ಲೊಂದು ತಟ್ಟೆ, ಒಂದೇ ಗುಂಡಿ. ಮೊಳೆ ಕಂಡರೂ ಕೂಗುತ್ತಿತ್ತು, ಆಳುಗಳ ಕಾಲುಂಗುರ ಕಂಡರೂ ಅದೇ ರಾಗದಲ್ಲಿ ಕೂಗುತ್ತಿತ್ತು. ಅದು ಕೆಟ್ಟ ಮೇಲೆ ಚಿಕ್ಕಪ್ಪ ಯಾರದೋ ಮಾತು ಕೇಳಿ ಅದಕ್ಕಿಂತ ಮೇಲ್ದರ್ಜೆಯದನ್ನು ತರಿಸಿದರು. ಅದರಲ್ಲಿ ಪರದೆ, ಏಳೆಂಟು ಗುಂಡಿ, ದೊಡ್ಡದೊಂದು ಸಣ್ಣದೊಂದು ಎರಡು ತಟ್ಟೆ, ಜೊತೆಗೆ ಇಂಗ್ಲಿಷಿನ ಪುಸ್ತಕ ಇದ್ದವು.

“ನೀನು ಫಿಸಿಕ್ಸ್ ಓದಿದೀಯಲ್ಲ ಮಗ, ಇದ್ರ ತಲೆಬುಡ ನೋಡು” ಅಂದರು. ಎಂಎಸ್ಸಿ ಎಂದರೆ ಚಿಕ್ಕಪ್ಪನ ದೃಷ್ಟಿಯಲ್ಲಿ ಮಿಕ್ಸಿಯಿಂದ ಉಪಗ್ರಹದವರೆಗೆ ಎಲ್ಲದರ ರಿಪೇರಿ.

ನಾನು ಮದ್ದೂರಿನಲ್ಲಿ ಪಾಠ ಹೇಳುವವಳು. ಭಾನುವಾರಗಳಲ್ಲಿ ಮಳವಳ್ಳಿಗೆ ಬಂದು ಬಸ್ಸು ಬದಲಾಯಿಸಿ ಊರಿಗೆ ಹೋಗಿ, ಹಟ್ಟಿಯ ಮುಂದೆ, ಅಂದರೆ ಚಿಕ್ಕಪ್ಪನ ಮನೆಯೆದುರು, ಕೂತು ಆ ಯಂತ್ರವನ್ನು ಕಲಿತೆ. ಗುಟ್ಟಾಗಿ ಹೇಳುತ್ತೇನೆ, ಮನುಷ್ಯರ ಜೊತೆ ಕೂರುವುದಕ್ಕಿಂತ ಅದು ಹಿತವಾಗಿತ್ತು. ಮೊಳೆ, ಚಮಚ, ನಾಣ್ಯ, ಮಾತ್ರೆಹಾಳೆ ಎಲ್ಲವನ್ನೂ ಸಾಲಾಗಿಟ್ಟು ಯಾವುದಕ್ಕೆ ಯಾವ ಸಂಖ್ಯೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎಲ್ಲಕ್ಕಿಂತ ಇಷ್ಟವಾದದ್ದು ನೆಲಕ್ಕೆ ಹೊಂದಿಸುವ ಕೆಲಸ. ಪ್ರತಿ ಹೊಲದ ಮಣ್ಣಿಗೂ ಅದರದೇ ಒಂದು ಸಣ್ಣ ಗೊಣಗಾಟ ಇರುತ್ತದೆ. ಬರಿ ನೆಲದ ಮೇಲೆ ತಟ್ಟೆಯನ್ನು ನಿಧಾನವಾಗಿ ಎತ್ತಿ ಇಳಿಸಿ, ಎತ್ತಿ ಇಳಿಸಿ, ಆ ಗೊಣಗಾಟ ಅಡಗುವವರೆಗೆ ಕಾಯಬೇಕು. ಹೊಸಬರ ಮನೆಗೆ ಹೋದಾಗ ನಾನೂ ಮೂಲೆಯ ಕುರ್ಚಿಯಲ್ಲಿ ಕೂತು ಹೀಗೇ ಏನೋ ಮಾಡುತ್ತಿರುತ್ತೇನೆ.

ಆಮೇಲೆ ಕಲಿತದ್ದು ಬೇಡವಾದ ಸದ್ದನ್ನು ಮುಚ್ಚುವುದು. ಕಬ್ಬಿನ ಕಟ್ಟುಗಳಲ್ಲಿ ಕಬ್ಬಿಣಕ್ಕಿಂತ ಗುಟ್ಕಾ ಚೀಟಿಗಳೇ ಹೆಚ್ಚು. ಅವುಗಳ ಒಳಗಿನ ಬೆಳ್ಳಿ ಪದರಕ್ಕೆ ಯಂತ್ರ ಮತ್ತೆಮತ್ತೆ ಕೂಗುತ್ತಿತ್ತು. “ಏನವ್ವಾ, ನಿನ್ ಮಿಸೀನ್ಗೂ ಗುಟ್ಕಾ ಚಟ ಅಂಟ್ಕತಾ?” ಎಂದು ಗಾಣಕ್ಕೆ ಕಬ್ಬು ಕೊಡುವವನು ಹಲ್ಲು ಕಿರಿದ. ನಾನು ಪುಸ್ತಕ ತೆರೆದು, ಮೂವತ್ತರಿಂದ ನಲವತ್ತರವರೆಗಿನ ಸಂಖ್ಯೆ ಬಂದರೆ ಸುಮ್ಮನಿರು ಎಂದು ಯಂತ್ರಕ್ಕೆ ಹೇಳಿಕೊಟ್ಟೆ. ಅಲ್ಲಿಂದ ಮುಂದೆ ಕಬ್ಬಿಣಕ್ಕೆ ಮಾತ್ರ ಕೂಗು. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಗಾಜಿನಲ್ಲಿ ನನ್ನನ್ನೇ ನೋಡಿಕೊಂಡು ನಕ್ಕ ನೆನಪಿದೆ.

ಎರಡು ವರ್ಷದ ಹಿಂದೆ ನಾಟಿಯ ಕಾಲದಲ್ಲಿ, ರಜೆ ಇದ್ದುದರಿಂದ ನಾನು ಊರಲ್ಲೇ ಇದ್ದೆ. ಒಂದು ಬೆಳಿಗ್ಗೆ ಸಾಕಮ್ಮ ಬಂದು ಜಗುಲಿಯ ಕೆಳಗೆ ನಿಂತಳು. ಐವತ್ತು ದಾಟಿದ ಹೆಂಗಸು. ನಮ್ಮ ಗದ್ದೆಗೆ ನಾಟಿ ಹಾಕಲು ವರ್ಷವರ್ಷವೂ ಬರುವವಳು. ಕೂರು ಎಂದರೂ ಕೂರಲಿಲ್ಲ.

“ನಿನ್ ಮಿಸೀನ್ ಎತ್ಕಂಡ್ ಬಾ ಕಣವ್ವ. ರತ್ನಿ ಓಲೆ ಕೆರೆಬಯಲ ಗದ್ದೇಲಿ ಬಿದ್ದೋಗದೆ. ನಾನೇ ಎತ್ಕಂಡೆ ಅಂತಾವ್ರೆ.”

ರತ್ನಮ್ಮ ನಾಟಿಯ ಸಾಲಿನಲ್ಲಿ ಸಾಕಮ್ಮನ ಪಕ್ಕದವಳು. ಹೆಂಗಸರು ಸಾಲಾಗಿ ಬಾಗಿ, ಪೈರು ಊರುತ್ತಾ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಯಾರ ಪಕ್ಕ ಯಾರು ಎಂಬುದು ವರ್ಷಗಳಿಂದ ಗೊತ್ತಾಗಿ ಹೋಗಿರುತ್ತದೆ. ಎರಡು ದಿನದ ಹಿಂದೆ ಕೆಲಸ ಮುಗಿದು ಕೈಕಾಲು ತೊಳೆಯುವಾಗ ರತ್ನಮ್ಮನ ಒಂದು ಕಿವಿ ಬರಿದಾಗಿತ್ತು. ಎಲ್ಲರೂ ಹುಡುಕಿದರು. ಸಿಗಲಿಲ್ಲ. ‘ಪಕ್ಕದಲ್ಲಿದ್ದೋಳು ಸಾಕಿ ಅಲ್ವಾ’ ಎಂದು ಯಾರೋ ಅಂದರು. ಮಾರನೆಯ ದಿನ ಸಾಕಮ್ಮನನ್ನು ಯಾರೂ ಕೆಲಸಕ್ಕೆ ಕೂಗಲಿಲ್ಲ.

ನಾನು ಶಿಸ್ತಾಗಿ ಹೋದೆ. ಸಣ್ಣ ತಟ್ಟೆ ಜೋಡಿಸಿದೆ, ಬದುವಿನ ಪಕ್ಕದ ಕೆಸರಿಗೆ ಯಂತ್ರ ಹೊಂದಿಸಿದೆ, ಕಬ್ಬಿಣದ ಸದ್ದನ್ನೂ ಮುಚ್ಚಿದೆ. ಗದ್ದೆಗೆ ದಾರ ಕಟ್ಟಿ ಪಟ್ಟಿಗಳಾಗಿ ಭಾಗ ಮಾಡಿದೆ. ಪೈರಿನ ಸಾಲುಗಳ ನಡುವೆ ತಟ್ಟೆಯನ್ನು ಜಾರಿಸುತ್ತಾ ಹೋದೆ. ಊರಿನ ಅರ್ಧ ಜನ ಬದುವಿನ ಮೇಲಿದ್ದರು. “ನಿಧಿ ಸಿಕ್ರೆ ನಂಗೂ ಒಂದ್ ಪಾಲ್ ಮಡಗವ್ವ” ಎಂದು ಒಬ್ಬ ಮುದುಕ ಕೂಗಿದ. ಸಾಕಮ್ಮ ಮಾತ್ರ ದೂರದಲ್ಲಿ ನಿಂತಿದ್ದಳು. “ನಾನ್ ಗದ್ದೆಗಿಳಿಯಾಕಿಲ್ಲ. ಇಳಿದ್ರೆ ನಾನೇ ಆಕ್ದೆ ಅಂತಾರೆ” ಅಂದಿದ್ದಳು.

ಎರಡು ಗಂಟೆಯಲ್ಲಿ ಯಂತ್ರ ಒಮ್ಮೆ ಮಾತ್ರ ಕೂಗಿತು, ಸಿಕ್ಕಿದ್ದು ಹಳೆಯ ನಾಣ್ಯ. ನಾನು ಬದು ಹತ್ತಿ ಬಂದು, ಫಲಿತಾಂಶ ಓದುವವಳ ಹಾಗೆ, “ಇಲ್ಲ” ಅಂದೆ.

“ಮಿಸೀನೇ ಇಲ್ಲ ಅಂತಲ್ಲ, ಇನ್ನೇನು” ಎಂದಳು ರತ್ನಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. ಎಲ್ಲರೂ ಸಾಕಮ್ಮನ ಕಡೆ ತಿರುಗಿದರು. ಅವಳು ನನ್ನ ಕಡೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆ ದಾರಿ ಹಿಡಿದಳು.

ಮಧ್ಯಾಹ್ನ ಕೆಸರು ತೊಳೆಯಲು ಬಚ್ಚಲಿಗೆ ಹೋದಾಗ ನನ್ನ ಚಿನ್ನದ ಓಲೆ ಬಿಚ್ಚಿಟ್ಟೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದು ಮಿಣಮಿಣ ಹೊಳೆಯಿತು. ಏನೋ ಅನ್ನಿಸಿ ಯಂತ್ರ ತಂದು ಅದರ ಮೇಲೆ ಆಡಿಸಿದೆ. ಸದ್ದಿಲ್ಲ. ಇನ್ನಷ್ಟು ಹತ್ತಿರ ತಂದೆ. ಸದ್ದಿಲ್ಲ. ಆಲೆಮನೆಗೆಂದು ಮುಚ್ಚಿದ್ದ ಸಂಖ್ಯೆಗಳನ್ನು ತೆರೆದೆ. ಯಂತ್ರ ಕೂಗಿತು: ಮೂವತ್ತೇಳು. ತೆಳ್ಳನೆಯ ಚಿನ್ನಕ್ಕೂ ಗುಟ್ಕಾ ಚೀಟಿಗೂ ಈ ಯಂತ್ರದ ಕಿವಿಯಲ್ಲಿ ಹೆಚ್ಚು ಅಂತರವಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಮೊಳೆ, ಚಮಚ, ನಾಣ್ಯ ಎಲ್ಲ ಇದ್ದವು. ಚಿನ್ನ ಒಂದಿರಲಿಲ್ಲ. ಆಲೆಮನೆಯಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ.

ಚಿಕ್ಕಪ್ಪನಿಗೆ ಮಾತ್ರ ಹೇಳಿದೆ. “ನಾಳಿಕೆ ಇನ್ನೊಂದ್ ದಪ ನೋಡಾನ ಬುಡು. ಮೊದಲ್ನೇ ದಿನ ಚಾರ್ಜ್ ಇರ್ನಿಲ್ಲ ಅಂತ ನಾನ್ ಯೋಳ್ತೀನಿ” ಅಂದರು. ನಾನು ಬೇಡವೆನ್ನಲಿಲ್ಲ.

ಮಾರನೆಯ ಬೆಳಿಗ್ಗೆ ದಾರ ಕಟ್ಟಲಿಲ್ಲ. ಹೆಂಗಸರನ್ನೇ ಕೇಳಿದೆ, ಓಲೆ ಕೊನೆಗೆ ಕಂಡದ್ದು ಯಾವಾಗ? ಅವರು ಗಂಟೆ ಹೇಳಲಿಲ್ಲ, ಮಾತಿನ ಲೆಕ್ಕ ಹೇಳಿದರು. “ನಮ್ ಸೊಸೆ ಬಾಣಂತನದ ಮಾತಾಡ್ವಾಗ ಕಿವಿ ಮುಟ್ಕಂಡಿದ್ದೆ, ಇತ್ತು” ಎಂದಳು ರತ್ನಮ್ಮ. “ಆಮ್ಯಾಕೆ ಕಂಡಕ್ಟರ್ ಜಗಳದ ಕತೆ ಬಂತು” ಎಂದಳು ಇನ್ನೊಬ್ಬಳು. “ಊ ಕಣೆ, ಅದ್ಕೆ ನಗಾಡಿ ನಗಾಡಿ ನಿನ್ ಸೆರಗು ಕೆಸರಿಗೆ ಬಿತ್ತು, ಎತ್ತಿ ತಲೆಗ್ ಸುತ್ಕಂಡ್ಯಲ್ಲ!” ಎಂದು ಮತ್ತೊಬ್ಬಳು ರತ್ನಮ್ಮನಿಗೆ ನೆನಪಿಸಿದಳು. ಓಲೆ ಸೆರಗಿಗೆ ಸಿಕ್ಕಿ ಕಳಚಿದ್ದು ಆಗಲೇ ಇರಬೇಕು. ಬಾಣಂತನದ ಮಾತು ಮುಗಿದದ್ದು ಗದ್ದೆಯ ಮಧ್ಯದ ಬಳಿ, ಕಂಡಕ್ಟರ್ ಜಗಳ ಮುಗಿದದ್ದು ಅಲ್ಲಿಂದ ಹತ್ತು ಹೆಜ್ಜೆ ಹಿಂದೆ. ಗದ್ದೆ ಪೂರ್ತಿ ಅವರ ಬಾಯಲ್ಲಿ ಅಳತೆಯಾಗಿತ್ತು. ನನ್ನ ದಾರಕ್ಕಿಂತ ಕರಾರುವಾಕ್ಕಾಗಿ.

ಆ ಹತ್ತು ಹೆಜ್ಜೆಯಲ್ಲಿ ಎಲ್ಲ ಸದ್ದೂ ತೆರೆದುಕೊಂಡು ಹುಡುಕಿದೆ. ಗುಟ್ಕಾ ಚೀಟಿ, ಮಾತ್ರೆಹಾಳೆ, ತಂತಿ, ಮತ್ತೆ ಗುಟ್ಕಾ ಚೀಟಿ. ಪ್ರತಿ ಕೂಗಿಗೂ ಬಗ್ಗಿದೆ. ಹನ್ನೊಂದು ಗಂಟೆಯ ಹೊತ್ತಿಗೆ ಒಂದು ಮೂವತ್ತೇಳು ಬಂತು. ನಾನು ಕೈ ಹಾಕಲಿಲ್ಲ, ರತ್ನಮ್ಮನನ್ನೇ ಕರೆದೆ. ನಾಲ್ಕು ಬೆರಳು ಆಳದಿಂದ ಅವಳೇ ಎತ್ತಿದಳು. ಕಾಲುವೆಯಲ್ಲಿ ತೊಳೆದು, ಅಂಗೈಯಲ್ಲಿಟ್ಟುಕೊಂಡು ಅತ್ತಳು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸಾಯಂಕಾಲದ ಹೊತ್ತಿಗೆ ಊರಲ್ಲಿ ಹೊಸ ಮಾತು ಹುಟ್ಟಿತ್ತು. ಮೊದಲ ದಿನ ಇರಲಿಲ್ಲ, ಮಾರನೆಯ ದಿನ ಬಂತು. ಹೆದರಿದವಳು ತಂದು ಹಾಕಿರಬೇಕು. ಚಿಕ್ಕಪ್ಪನ ಚಾರ್ಜಿನ ಕತೆಯನ್ನು ಒಬ್ಬರೂ ನಂಬಲಿಲ್ಲ. ನಾನು ರಜೆ ಮುಗಿಸಿ ಮದ್ದೂರಿಗೆ ಬಂದೆ. ಸಾಕಮ್ಮನನ್ನು ಕೆಲಸಕ್ಕೆ ಕರೆಯತೊಡಗಿದರೆಂದೂ, ಸಾಲಿನ ಕೊನೆಯಲ್ಲಿ ಒಬ್ಬಳೇ ನೆಡುತ್ತಾಳೆಂದೂ ಫೋನಿನಲ್ಲಿ ಕೇಳಿದೆ. ಹೋಗಲಿ, ಓಲೆ ಸಿಕ್ಕಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೆಚ್ಚು ಮಾತಾಡದವರಿಗೆ ಒಂದು ಅನುಕೂಲವಿದೆ ನೋಡಿ, ಹೇಳಬೇಕಾದ್ದನ್ನು ಹೇಳದಿದ್ದರೂ ಜನ ಅದನ್ನು ಸ್ವಭಾವ ಎಂದುಕೊಳ್ಳುತ್ತಾರೆ.

ಮೊನ್ನೆ ಮಾತ್ರೆ ನುಂಗಿದ ಮೇಲೂ ತಲೆನೋವು ಹೋಗಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ಹೊರಟೆ. ಸಾಕಮ್ಮ ಆ ದಿನ ಕೆಲಸಕ್ಕೆ ಹೋಗದೆ ಅಂಗಳದಲ್ಲಿ ಸೊಪ್ಪು ಸೋಸುತ್ತಿದ್ದಳು. ನಿಂತುಕೊಂಡೇ ಹೇಳಿದೆ: “ಸಾಕಕ್ಕ, ಆವತ್ತು ಮಿಷೀನು ಸರಿಯಾಗೇ ಇತ್ತು. ಓಲೆ ಮೊದಲ ದಿನವೂ ಗದ್ದೆಯಲ್ಲೇ ಇತ್ತು. ನಾನು ತಪ್ಪು ಮಾಡಿದ್ದೆ.”

ಅವಳು ತಲೆ ಎತ್ತಲಿಲ್ಲ. “ಗೊತ್ತು ಕಣವ್ವ. ಚಾರ್ಜ್ ಇಲ್ದಿದ್ರೆ ಆ ನಾಣ್ಯಕ್ಕೆ ಎಂಗ್ ಕೂಗ್ತಿತ್ತು? ದೂರ ನಿಂತಿದ್ರೂವೆ ನಂಗೂ ಕೇಳಿಸ್ತು.”

“ಮತ್ತೆ ಯಾಕೆ ಕೇಳಲಿಲ್ಲ?”

“ನಾನ್ ಕೇಳಿ ನೀನ್ ಯೋಳಿದ್ರೆ, ಸಾಕಿ ಯೋಳ್ಕೊಟ್ಟವ್ಳೆ ಅಂತಿರ್ನಿಲ್ವಾ?” ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಎದ್ದಳು. “ನನ್ ಅಟ್ಟೀಲಿ ನಿಂತ್ಕಂಡು ಯೋಳಿದ್ರೆ ಏನ್ ಬಂತು ಕೂಸು? ಇಲ್ಲ ಅಂತ ಊರ್ ಮುಂದೆ ತಾನೆ ಅಂದಿದ್ದು. ಗದ್ದೆತಾಕೆ ನಡಿ. ನಾಟಿ ನಡೀತಾದೆ.”

ಅವಳು ಮುಂದೆ, ನಾನು ಹಿಂದೆ. ಬದುವಿನ ಮೇಲೆ ನನ್ನ ಚಪ್ಪಲಿ ಜಾರುತ್ತಿತ್ತು, ಕೈಗೆ ತೆಗೆದುಕೊಂಡೆ. ತರಗತಿಯಲ್ಲಿ ಅರವತ್ತು ಮಕ್ಕಳ ಮುಂದೆ ನಿಲ್ಲುವ ನಾನು ಏಳು ಜನ ಹೆಂಗಸರ ಬೆನ್ನು ಕಂಡು ಸಾಕಮ್ಮನ ಹಿಂದೆಯೇ ನಿಂತುಬಿಟ್ಟೆ. “ಏ, ಈ ಕೂಸು ಏನೋ ಯೋಳ್ತದಂತೆ, ಕೇಳ್ರೇ” ಎಂದಳು ಸಾಕಮ್ಮ. ಏಳೂ ಜನ ಕೈಯಲ್ಲಿ ಪೈರು ಹಿಡಿದೇ ನೆಟ್ಟಗಾದರು. ಸಂಖ್ಯೆ, ಪದರ, ಪರದೆ ಯಾವುದನ್ನೂ ತರದೆ ಹೇಳಿದೆ: ಚಿನ್ನದ ಸದ್ದನ್ನು ನಾನೇ ಮುಚ್ಚಿಟ್ಟಿದ್ದೆ, ಗೊತ್ತಿಲ್ಲದೆ ಇಲ್ಲ ಅಂದೆ, ಗೊತ್ತಾದ ಮೇಲೂ ಎರಡು ವರ್ಷ ಸುಮ್ಮನಿದ್ದೆ.

ರತ್ನಮ್ಮ ನನ್ನನ್ನು ನೋಡಲಿಲ್ಲ, ಬದುವಿನ ಮೇಲಿದ್ದ ಸಾಕಮ್ಮನನ್ನು ನೋಡಿದಳು. ಕೈಯಲ್ಲಿದ್ದ ಪೈರಿನ ಹಿಡಿಯನ್ನು ಎರಡು ಪಾಲು ಮಾಡಿದಳು.

“ಅಂಗೇ ನಿಂತ್ಕಂಡ್ರೆ ಗದ್ದೆ ನೆಟ್ಕತದಾ ಸಾಕಕ್ಕ? ಇಲ್ ಬಾ, ಇಡ್ಕ” ಎಂದು ಒಂದು ಪಾಲನ್ನು ಮುಂದೆ ಚಾಚಿದಳು.