ಬೆಂಕಿಯಿಲ್ಲದೆ ಬೇಯುವ ಗುಡ್ಡೆ

ಸಹೃದಯ ವಾಚಕ ಮಹಾಶಯರೇ, ತಾವು ಹೂವನ್ನು ಕಂಡು ಬೆರಗಾದವರು. ಆ ಹೂವಿನ ಅಡುಗೆಮನೆಯನ್ನು ತೋರಿಸಲು ಈ ಅಲೆಮಾರಿಗೆ ಅಪ್ಪಣೆಯಾಗಲಿ.

ಚಳಿಗಾಲದ ಮುಂಜಾವು. ನೂರಾ ನಲವತ್ತು ಮನೆಗಳ ವಸತಿ ಸಮುಚ್ಚಯದ ಹಿಂಗೋಡೆಯ ಬಳಿ ಎದೆಯೆತ್ತರದ ಗೊಬ್ಬರದ ಗುಡ್ಡೆ ಹಬೆಯಾಡುತ್ತಿದೆ. ಎಲ್ಲರೂ ‘ಗೊಬ್ಬರದಕ್ಕ’ ಎಂದೇ ಕರೆಯುವ ಐವತ್ತೆಂಟರ ಮಹಿಳೆ ಅದರೊಳಗೆ ಮೊಣಕೈವರೆಗೆ ತೋಳಿಳಿಸಿ, ಕಣ್ಣು ಮುಚ್ಚಿ ಎಣಿಸುತ್ತಾರೆ. ಹನ್ನೆರಡಕ್ಕೆ ಕೈ ತೆಗೆಯುತ್ತಾರೆ.

“ಇಪ್ಪತ್ತರವರೆಗೂ ಇಟ್ಕೊಳೋಕಾದ್ರೆ ಕಾವು ಸಾಲದು. ಐದಕ್ಕೇ ಸುಟ್ರೆ ಜಾಸ್ತಿಯಾಯ್ತು, ತಿರುವಿ ಹಾಕ್ಬೇಕು. ಈಗ ಹದವಾಗಿದೆ.”

ಊರೂರು ಅಲೆದು ಬಹಳ ಕಂಡವನು ನಾನು. ಬೆಂಕಿಯಿಲ್ಲದೆ ಬೇಯುವ ಗುಡ್ಡೆಯನ್ನು ಕಂಡಿರಲಿಲ್ಲ. ಆ ತೋಳಿಗೆ ಶಾಖದ ಪಾಠ ಹೇಳಿದ್ದು ಇಪ್ಪತ್ತೆರಡು ವರ್ಷಗಳ ಇಸ್ತ್ರಿ ಕೆಲಸ. ಲಾಂಡ್ರಿ ಮುಚ್ಚಿದ ಮೇಲೆ ಈ ಗುಡ್ಡೆಯೇ ಅವರ ಬದುಕು. ದಿನಕ್ಕೆ ಮೂವತ್ತೆಂಟು ಬಕೆಟ್ ಸಿಪ್ಪೆ, ಹನ್ನೊಂದು ವಾರದ ಕಾಯುವಿಕೆ. ಬಳಿಕ ಜರಡಿ ಹಿಡಿದ ಕರಿಪುಡಿ ಹೂಗಿಡಗಳಿಗೆ, ಹುಲ್ಲುಹಾಸಿಗೆ, ಬಿಸಿಲೇರುವ ಮೊದಲು, ಬೆರಳ ದಪ್ಪ ಮೀರದಂತೆ.

ಆದರೆ ಇಂದು ಎಂಟಕ್ಕೆ ನಿವಾಸಿ ಸಂಘದ ಕಾರ್ಯದರ್ಶಿ ಬರಲಿದ್ದಾರೆ. ಕಳೆದ ವಾರ ಹತ್ತಿದ ನಾತ ಹೋಗಿರದಿದ್ದರೆ ಗುಡ್ಡೆ ಲಾರಿಗೆ, ಜಾಗ ಕಾಂಕ್ರೀಟಿಗೆ.

ಅಕ್ಕ ರಜೆಯಲ್ಲಿದ್ದ ದಿನ, ನಡುವಯಸ್ಸಿನ ಮಾಲಿ ಉಪಕಾರವೆಂದೇ ಭಾವಿಸಿ ಒಂಬತ್ತು ಮೂಟೆ ಹಸಿ ಹುಲ್ಲನ್ನು ಒಟ್ಟಿಗೇ ಸುರಿದಿದ್ದರು. ಅದು ಗಾಳಿಯಾಡದೆ ಲೋಳೆಯಾಗಿ ಕೊಳೆಯಿತು. ಮೂರನೆಯ ಮಹಡಿಯವರೂ ಕಿಟಕಿ ಮುಚ್ಚಿದರು. ಒಂದು ಬುಟ್ಟಿ ಹಸಿಗೆ ಎರಡು ಬುಟ್ಟಿ ತರಗೆಲೆ ಬೇಕು. ಅಕ್ಕ ಆರು ದಿನಗಳಿಂದ ಬೀದಿಯ ತರಗೆಲೆ ಗುಡಿಸಿ ತಂದು ಗುಡ್ಡೆಯನ್ನು ಬುಡಮೇಲು ಮಾಡುತ್ತಿದ್ದಾರೆ.

“ಹೊಟ್ಟೆ ತುಂಬ್ಲಿ ಅಂತ ಹಾಕ್ದೆ ಅಕ್ಕ,” ಮಾಲಿ ಗೊಣಗುತ್ತಾರೆ.

“ಎಳೆ ಮಗೂಗೆ ಒಂದೇ ಸಲ ಒಂಬತ್ತು ಚೊಂಬು ಹಾಲು ಕುಡಿಸ್ತೀಯೇನಪ್ಪಾ?”

ಕಾರ್ಯದರ್ಶಿ ಮೂಗಿಗೆ ಕರವಸ್ತ್ರ ಹಿಡಿದೇ ಬರುತ್ತಾರೆ. ಅಕ್ಕ ಸಲಿಕೆಯಿಂದ ಗುಡ್ಡೆಯ ಒಡಲು ಬಗೆಯುತ್ತಾರೆ. ಮಳೆ ಬಿದ್ದ ಮಣ್ಣಿನ ಕಂಪು. ಕರವಸ್ತ್ರ ಮೆಲ್ಲನೆ ಕೆಳಗಿಳಿಯುತ್ತದೆ.

“ಮುಟ್ಟಿ ನೋಡಿ ಸಾರ್.”

ಮುಟ್ಟಿದವರು ಬೆಚ್ಚಿ ಕೈ ಹಿಂತೆಗೆಯುತ್ತಾರೆ. “ಇಷ್ಟು ಬಿಸಿ ಎಲ್ಲಿಂದ ಬಂತಮ್ಮ?”

“ಒಳಗೆ ಕೋಟಿ ಜೀವ ಊಟಕ್ಕೆ ಕೂತಿವೆ ಸಾರ್. ಅವುಗಳ ಮೈಬಿಸಿ ಅದು.”

ಕಾರ್ಯದರ್ಶಿ ಕರವಸ್ತ್ರವನ್ನು ಜೇಬಿಗಿಳಿಸಿ ಹೇಳುತ್ತಾರೆ: “ಇರ್ಲಿ, ಲಾರಿ ಬೇಡ. ಆದ್ರೆ ಆ ಮಾಲಿಯನ್ನ ಹತ್ರ ಸೇರಿಸ್ಬೇಡಿ.”

“ಅವನನ್ನೇ ಜೊತೆಗಿಟ್ಕೋತೀನಿ ಸಾರ್. ಈ ತಪ್ಪನ್ನ ಇನ್ನೊಂದ್ಸಲ ಮಾಡದೇ ಇರೋನು ಅಂದ್ರೆ ಅವನೊಬ್ನೇ.”

ನಿಮಗೇನು ಬೇಕೆಂದು ನಾನು ಅಕ್ಕನನ್ನು ಕೇಳುತ್ತೇನೆ. “ಒಂದು ತಗಡಿನ ಮಾಡು. ನಂಗಲ್ಲ, ತರಗೆಲೆಗೆ. ನೆನೆದ್ರೆ ಪಾಪ, ಕೆಲಸಕ್ಕೆ ಬರಲ್ಲ.”

ಟಿಪ್ಪಣಿ ಪುಸ್ತಕ ಮಡಚಿ, ಚೀಲ ಹೆಗಲಿಗೇರಿಸಿ ಹೊರಡುತ್ತೇನೆ. ಗೇಟಿನಿಂದ ತಿರುಗಿ ನೋಡಿದರೆ, ಮಾಲಿ ಅಂಗಿಯ ತೋಳು ಮೇಲಕ್ಕೆ ಮಡಚಿಕೊಳ್ಳುತ್ತಿದ್ದಾರೆ. ಅಕ್ಕ ಅವರ ಕೈಗೆ ಸಲಿಕೆ ಕೊಡುತ್ತಿದ್ದಾರೆ.