ದಿಣ್ಣೆ ಹತ್ತಿದ ನೀರು

ಮೊನ್ನೆ ಭಾನುವಾರ ಬೆಳಿಗ್ಗೆ, ಒಲೆಯ ಮೇಲೆ ಇಡ್ಲಿ ಇನ್ನೂ ಬೇಯುತ್ತಿರುವಾಗಲೇ, ಕೆ.ಆರ್. ಪೇಟೆಯಲ್ಲಿರುವ ತಂಗಿ ಸುಮ ನನ್ನ ಮೊಬೈಲಿಗೆ ಒಂದು ವಿಡಿಯೊ ಕಳಿಸಿದಳು. ಯಾವುದೋ ದೇಶದ ಯಾವುದೋ ನಗರದ ಹೊರವಲಯದ ರಸ್ತೆ. ಟೋಪಿಯವನೊಬ್ಬ ಕಾರನ್ನು ನ್ಯೂಟ್ರಲ್ಲಿಗೆ ಹಾಕಿ, ಎರಡೂ ಕೈಗಳನ್ನು ಕಿಟಕಿಯಿಂದ ಹೊರಗೆ ಚಾಚಿ ತೋರಿಸುತ್ತಾನೆ. ಕಾರು ತನ್ನಷ್ಟಕ್ಕೆ ತಾನೇ ದಿಬ್ಬ ಹತ್ತುತ್ತದೆ. ಅದರ ಕೆಳಗೆ ಸುಮ ಬರೆದಿದ್ದಳು: "ಅಣ್ಣ, ನಮ್ಮತ್ತೆ ಹೊಲ ಆ ದೇಶಕ್ಕೆ ಯಾವಾಗ ಹೋಯ್ತು?"

ನನಗೆ ಇಂಥ ವಿಚಿತ್ರಗಳೆಂದರೆ ಮೊದಲಿನಿಂದಲೂ ಪ್ರಾಣ. ನ್ಯೂಜಿಲೆಂಡಿನಲ್ಲಿ ಒಂದು ಊರಿದೆಯಂತೆ, ಅಲ್ಲಿ ಪಾರ್ಕಿನ ಮಧ್ಯೆಯೇ ಕೆಸರು ಕುದಿಯುತ್ತದಂತೆ. ಅಮೆರಿಕದ ಒಂದು ಮಹಾನಗರದ ನಡುಮಧ್ಯೆ ನೆಲದಿಂದ ಡಾಂಬರು ಬುಳುಬುಳು ಎಂದು ಉಕ್ಕುತ್ತದಂತೆ. ನಾಗಮಂಗಲದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಪಾಠ ಬೇಡವಾದ ದಿನ ನನ್ನ ಮಕ್ಕಳು "ಸಾರ್, ಆ ಕುದಿಯೋ ಪಾರ್ಕಿಂದು ಇನ್ನೊಂದ್ಸಲ ಹೇಳಿ ಸಾರ್" ಎನ್ನುತ್ತಾರೆ. ಅಷ್ಟು ಸಾಕು, ಪೀರಿಯಡ್ಡು ಮುಗಿಯುತ್ತದೆ. ಆದರೆ ನಮ್ಮದೇ ಹೊಲದ ವಿಚಿತ್ರವನ್ನು ಮಾತ್ರ ನಾನು ಆ ಮಕ್ಕಳಿಗೆ ಇವತ್ತಿನವರೆಗೆ ಹೇಳಿಲ್ಲ. ಹೇಳಿದರೆ ಗುರುತ್ವಾಕರ್ಷಣೆಯ ಪಾಠ ಮಾಡುವಾಗ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ನಿಮಗಾದರೆ ಹೇಳಬಹುದು. ನೀವು ನನ್ನ ಕೈಲಿ ಪಾಠ ಹೇಳಿಸಿಕೊಳ್ಳಬೇಕಾದವರಲ್ಲ.

ನಮ್ಮ ಜಮೀನಿರುವುದು ಪಾಲಹಳ್ಳಿಯ ಆಚೆ, ನಾಲೆಯ ಬದಿಯಲ್ಲಿ. ನಾಲೆ ಬದಿಯವರು ನಾವು ನೀರಿನ ವಿಷಯದಲ್ಲಿ ಬಹಳ ತಿಳಿದವರು. ಒಂದು ಗದ್ದೆಯನ್ನು ದೂರದಿಂದ ನೋಡಿಯೇ ಅದಕ್ಕೆ ನೀರು ಹತ್ತುತ್ತದೋ ಇಲ್ಲವೋ ಎಂದು ಹೇಳಿಬಿಡುತ್ತೇವೆ. ಮಟ್ಟ ಹಿಡಿದು ನೋಡುವುದು ನಮ್ಮಲ್ಲಿ ಅವಮಾನದ ಮಾತು, ಕಣ್ಣಿದ್ದವನಿಗೆ ಮಟ್ಟಗೋಲು ಯಾಕೆ? ಹೀಗೆ ನೋಡಿಯೇ ನಮ್ಮ ತಾತ, ನಾಲೆಯ ಪಕ್ಕದಲ್ಲೇ ಇದ್ದ ಮುಕ್ಕಾಲು ಎಕರೆಗೆ ದಿಣ್ಣೆ ಹೊಲ ಎಂದು ಹೆಸರಿಟ್ಟಿದ್ದರು. ಕಾಗದದಲ್ಲಿ ಅದೂ ನೀರಾವರಿಯ ಜಮೀನೇ. ಆದರೆ ನಾಲೆಯ ಮೇಲೆ ನಿಂತು ನೋಡಿದರೆ ಹೊಲ ಗತ್ತಿನಿಂದ ಮೇಲಕ್ಕೆ ಎದ್ದು ಕಾಣುತ್ತದೆ. ಅಲ್ಲಿಗೆ ಯಾರೂ ಕಾಲುವೆ ತೋಡಲಿಲ್ಲ. ವರ್ಷಕ್ಕೊಮ್ಮೆ ಹುರುಳಿ ಚೆಲ್ಲುತ್ತಿದ್ದರು. ಬಂದರೆ ಬಂತು, ಹೋದರೆ ಹೋಯಿತು.

ಅಪ್ಪನಿಗೆ ಒಬ್ಬಳೇ ತಂಗಿ, ತಾಯಮ್ಮತ್ತೆ. ಅವಳನ್ನು ಕೊಟ್ಟಿದ್ದು ಗೋವಿಂದನಹಳ್ಳಿ ಕಡೆಗೆ, ರಾಗಿ ಬೆಳೆಯುವ ಮನೆಗೆ. ಮನೆ ಒಳ್ಳೆಯದು, ಮಾವ ಅದಕ್ಕಿಂತ ಒಳ್ಳೆಯವರು. ಆದರೆ ಭತ್ತದ ಗದ್ದೆಯ ನಡುವೆ ಬೆಳೆದವಳಿಗೆ ಅಂಗಡಿಯಿಂದ ಅಕ್ಕಿ ತರುವುದನ್ನು ಸಹಿಸಲಾಗುತ್ತಿರಲಿಲ್ಲ. ಬಂದಾಗಲೆಲ್ಲ ಅದೇ ಮಾತು: "ಒಂದ್ಸಲನಾದ್ರೂ ನಾನು ನೆಟ್ಟಿದ್ದ ಭತ್ತ ನನ್ನೊಲೆ ಮ್ಯಾಲೆ ಬೇಯ್ಬೇಕು ಕಣ್ಲಾ. ಇನ್ನೇನೂ ಬ್ಯಾಡ ನಂಗೆ." ಹದಿನೈದು ವರ್ಷದ ಹಿಂದೆ ತಾತ ತೀರಿಕೊಂಡು ಪಾಲಿನ ಮಾತು ಬಂತು. ನಮ್ಮ ಕಡೆ ಹೆಣ್ಣುಮಕ್ಕಳು ಒಂದು ಸೀರೆ, ಎಲೆ ಅಡಿಕೆ ತೆಗೆದುಕೊಂಡು ರುಜು ಹಾಕಿ ಬಸ್ಸು ಹತ್ತುವುದು ರೂಢಿ. ತಾಯಮ್ಮತ್ತೆ ಸೀರೆಯನ್ನು ತೆಗೆದುಕೊಂಡಳು, ಚೆನ್ನಾಗಿದೆ ಅಂದಳು, ಮಡಿಸಿ ಚೀಲಕ್ಕೆ ಹಾಕಿದಳು. ಆಮೇಲೆ, "ಸರಿ, ನನ್ ಪಾಲಿನ ಗದ್ದೆ ಯಾವ್ದಣ್ಣ?" ಎಂದಳು.

ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದವರೇ ನನ್ನನ್ನು ಹಿತ್ತಲಿಗೆ ಕರೆದು, "ಆ ದಿಣ್ಣೆ ಒಲ ಕೊಟ್ರೆ ಎಂಗ್ಲಾ? ಕೊಟ್ಟಂಗೂ ಆಯ್ತದೆ, ಕೊಡ್ದೆ ಇದ್ದಂಗೂ ಆಯ್ತದೆ. ಆದ್ರೆ ನಾಳೆ ತಕರಾರು ಬರಬಾರ್ದು, ನೀರು ಅತ್ತಕಿಲ್ಲ ಅಂತ ಅವ್ಳ ಮುಂದೇನೇ ನೀನೊಂದ್ಸಲ ನೋಡಿ ಏಳು. ಓದಿದೋನು" ಎಂದರು. ಅಪ್ಪನ ಉಪಾಯ ನನಗೆ ಪೂರ್ತಿ ಅರ್ಥವಾಗಿತ್ತು. ಅದು ಮೋಸವೆಂದೂ ಗೊತ್ತಿತ್ತು. ಆದರೆ ನೀರಾವರಿ ಗದ್ದೆ ಒಂದು ಗುಂಟೆಯೂ ಕಡಿಮೆಯಾಗದೆ ಮುಂದೆ ನನಗೇ ಬರುತ್ತದಲ್ಲ, ಆ ಯೋಚನೆ ನಾಲಿಗೆಯ ಮೇಲೆ ಬೆಲ್ಲದ ಹಾಗೆ ಕೂತಿತ್ತು.

ನಾಲೆಯ ಮೇಲೆ ನಿಂತೆ. ರಸ್ತೆ ಅಳೆಯುವ ಎಂಜಿನಿಯರುಗಳು ಒಂದು ಕಣ್ಣು ಮುಚ್ಚುವುದನ್ನು ನೋಡಿದ್ದೆನಲ್ಲ, ಹಾಗೇ ಒಂದು ಕಣ್ಣು ಮುಚ್ಚಿದೆ. ಹೆಬ್ಬೆಟ್ಟು ಎತ್ತಿದೆ. ಯಾತಕ್ಕೆ ಎತ್ತಿದೆನೋ ನನಗೂ ಗೊತ್ತಿಲ್ಲ, ನೋಡುವವರಿಗೆ ಚೆನ್ನಾಗಿರುತ್ತದೆ ಅಂತ. ಪಕ್ಕದಲ್ಲಿ ಅಪ್ಪ, ಅತ್ತೆ, ಜೊತೆಗೆ ನೀರುಗಂಟಿ ಮರಿಸ್ವಾಮಿ, ಅಂದರೆ ತೂಬು ತೆಗೆದು ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವವನು. "ಹೊಲ ನಾಲೆಗಿಂತ ಎರಡು ಅಡಿ ಎತ್ತರ. ನೀರು ಮೇಲಕ್ಕೆ ಹರಿಯುವುದಿಲ್ಲ. ಇದು ಪ್ರಕೃತಿಯ ನಿಯಮ" ಎಂದೆ, ಪುಸ್ತಕದ ಭಾಷೆಯಲ್ಲೇ. ಮರಿಸ್ವಾಮಿ ಟವೆಲು ತೆಗೆದು ಮುಖ ಒರೆಸಿಕೊಂಡ. ಅತ್ತೆ ನನ್ನನ್ನೇ ನೋಡಿ, "ಮೇಷ್ಟ್ರು ಏಳುದ್ಮೇಲೆ ಮುಗೀತು ಬುಡಪ್ಪ. ಅದ್ನೇ ಬರ್ಕೊಟ್ಬುಡಣ್ಣ, ಇವತ್ತೇ" ಎಂದಳು. ಅಪ್ಪನಿಗೆ ಆದ ಸಂತೋಷಕ್ಕೆ ದಾರಿಯಲ್ಲಿ ನನಗೂ ಅವಳಿಗೂ ಬೋಂಡ ಕೊಡಿಸಿದರು.

ಪತ್ರವಾಗಿ, ನೋಂದಣಿಯಾಗಿ, ಎಲ್ಲ ಮುಗಿದ ಹದಿನೈದನೇ ದಿನಕ್ಕೆ ಅತ್ತೆ ನಾಲ್ಕು ಆಳುಗಳ ಜೊತೆ ಬಂದಿಳಿದಳು. ತೂಬಿನಿಂದ ದಿಣ್ಣೆ ಹೊಲಕ್ಕೆ ನೆಟ್ಟಗೆ ಕಾಲುವೆ ತೋಡಿಸತೊಡಗಿದಳು. ಸುದ್ದಿ ಹಬ್ಬಿ ಊರಿನ ಅರ್ಧ ಜನ ನೋಡಲು ನೆರೆದರು. ತಾಯಮ್ಮನಿಗೆ ತಲೆ ಕೆಟ್ಟಿದೆ ಎಂದು ಅಪ್ಪ ಎಲ್ಲರಿಗೂ ವಿನಯದಿಂದ ವಿವರಿಸುತ್ತಿದ್ದರು. ಸರದಿಯ ದಿನ ಮರಿಸ್ವಾಮಿ ತೂಬು ಎತ್ತಿದ. ನೀರು ಕಾಲುವೆಗೆ ನುಗ್ಗಿತು, ಒಂದು ತಗ್ಗಿನಲ್ಲಿ ನಿಂತಿತು, ನೊರೆ ಕಟ್ಟಿ ಕಸಕಡ್ಡಿ ತಿರುಗಿಸಿತು. "ನೋಡುದ್ರಾ?" ಎಂದು ಅಪ್ಪ ಬಾಯಿ ತೆರೆದದ್ದೇ ತಡ, ನೀರು ಮತ್ತೆ ಹೊರಟಿತು. ನಮ್ಮೆಲ್ಲರ ಕಣ್ಣೆದುರಿಗೆ, ಯಾವ ಆತುರವೂ ಇಲ್ಲದೆ, ದಿಣ್ಣೆ ಹತ್ತುತ್ತಾ ಹೋಯಿತು.

"ಲೇ, ನೀರು ಮ್ಯಾಕೆ ಅತ್ತಾ ಅದೆ ಕಣ್ಲಾ!" ಎಂದು ಯಾರೋ ಕೂಗಿದರು. ಒಬ್ಬ ಚಪ್ಪಲಿ ಬಿಟ್ಟು ಕೈಮುಗಿದ. ಇನ್ನೊಬ್ಬ ಓಡಿಹೋಗಿ ತೆಂಗಿನಕಾಯಿ ತಂದ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗದರಿದಳು: "ದ್ಯಾವ್ರೂ ಇಲ್ಲ ದಿಂಡ್ರೂ ಇಲ್ಲ. ನಿಮ್ ಕಣ್ಣು ನೆಟ್ಗಿಲ್ಲ. ಆ ಕಾಯಿ ಇಲ್ಲಿ ಕೊಡಿ, ಸಾರಿಗಾಯ್ತದೆ."

ಮಾರನೆಯ ದಿನ ಯಾರಿಗೂ ಕಾಣದ ಹಾಗೆ ನಾನು ಗಾರೆ ಕೆಲಸದವರ ನೀರು ತುಂಬಿದ ಪೈಪು ತೆಗೆದುಕೊಂಡು ಹೋಗಿ ಮಟ್ಟ ಹಿಡಿದೆ. ಹೊಲ ನಾಲೆಗಿಂತ ಒಂದು ಗೇಣು ತಗ್ಗಿನಲ್ಲಿತ್ತು. ಸುತ್ತಲಿನ ನೆಲವೆಲ್ಲ ಜೋರಾಗಿ ಒಂದೇ ಕಡೆಗೆ ಇಳಿದಿದ್ದರೆ, ಅದರ ನಡುವೆ ಸ್ವಲ್ಪವೇ ಇಳಿದ ನೆಲ ಏರಿದಂತೆ ಕಾಣುತ್ತದೆ. ಟೋಪಿಯವನ ಕಾರಿನ ಗುಟ್ಟೂ ಅಷ್ಟೇ. ಅದನ್ನೆಲ್ಲ ನಾನು ಆಮೇಲೆ ಓದಿ ತಿಳಿದೆ. ಅತ್ತೆ ಹತ್ತನೇ ವಯಸ್ಸಿನಲ್ಲೇ, ಆಡು ಮೇಯಿಸುತ್ತಾ ತಿಳಿದಿದ್ದಳು. ದೊಡ್ಡ ಮಳೆ ಬಂದಾಗಲೆಲ್ಲ ನಾಲೆಯ ಕಡೆಯಿಂದ ನೀರು ಬಂದು ಆ ಹೊಲದ ಮೂಲೆಯಲ್ಲಿ ನಿಲ್ಲುತ್ತಿತ್ತಂತೆ. ತಾತನಿಗೆ ಓಡಿಬಂದು ಹೇಳಿದ್ದಳಂತೆ. ತಾತ ನಕ್ಕು ತಲೆ ಸವರಿ ಕಳಿಸಿದ್ದರಂತೆ. ಆಮೇಲೆ ಅವಳು ಯಾರಿಗೂ ಹೇಳಲಿಲ್ಲ. ಮರಿಸ್ವಾಮಿಗೂ ಗೊತ್ತಿತ್ತು. ಅವನನ್ನು ಯಾರೂ ಕೇಳಿರಲಿಲ್ಲ.

ಮೊದಲ ಕೊಯ್ಲಿನ ಅಕ್ಕಿಯನ್ನು ಅತ್ತೆ ನಮ್ಮ ಮನೆಯ ಒಲೆಯ ಮೇಲೇ ಬೇಯಿಸಿದಳು, ಗೋವಿಂದನಹಳ್ಳಿಗೆ ಹೋಗುವಷ್ಟು ತಾಳ್ಮೆ ಇರಲಿಲ್ಲ. ಬಡಿಸುವಾಗ ನಾನು ಕೇಳಿದೆ: "ಗೊತ್ತಿದ್ದೂ ಯಾಕತ್ತೆ ಆವತ್ತು ಸುಮ್ಮನಿದ್ದೆ? ಹೇಳಬಹುದಿತ್ತಲ್ಲ?"

"ಏಳಿದ್ರೆ ಕೊಡ್ತಿದ್ರೇನ್ಲಾ?" ಎಂದಳು. ಕೋಪವೇನೂ ಇರಲಿಲ್ಲ, ತುಪ್ಪ ಬೇಕಾ ಎಂದು ಕೇಳುವ ಹಾಗೆ ಕೇಳಿದಳು. ಅಪ್ಪ ಸಾರಿನ ಪಾತ್ರೆ ಹತ್ತಿರ ಎಳೆದುಕೊಂಡರು. ಅಷ್ಟು ನಾಚಿಕೆ ನನಗೆ ಹಿಂದೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಲೆಕ್ಕ ತಪ್ಪಿದ್ದಕ್ಕಲ್ಲ, ಲೆಕ್ಕ ಸರಿಯಿದ್ದಿದ್ದರೆ ಅವಳಿಗೆ ಹುರುಳಿಯೇ ಗತಿಯಾಗುತ್ತಿತ್ತಲ್ಲ, ಅದಕ್ಕೆ.

ಈಗ ಅಪ್ಪನಿಗೆ ಎಂಬತ್ತರ ಹತ್ತಿರ. ಹೋದ ವಾರ ನನ್ನ ಮತ್ತು ತಂಗಿಯ ಪಾಲಿನ ಮಾತು ತೆಗೆದರು. "ಸುಮಂಗೆ ಆ ಕಲ್ಲುಗದ್ದೆ ಬುಟ್ರೆ ಆಯ್ತದೆ. ನೀನೊಂದ್ಸಲ ನೋಡಿ ಏಳು" ಎಂದರು. ಮನುಷ್ಯ ಬದಲಾಗುವುದಿಲ್ಲ ನೋಡಿ. ನಾನು ನೋಡುವುದಿಲ್ಲ, ಅವಳೇ ಮೊದಲು ಆರಿಸಿಕೊಳ್ಳಲಿ ಎಂದೆ. ಅಪ್ಪ ಮೂರು ದಿನ ಮಾತು ಬಿಟ್ಟರು.

ವಿಡಿಯೊ ನೋಡಿ ಮುಗಿಸಿದವನೇ ಸುಮಳಿಗೆ ಫೋನು ಮಾಡಿ ಪಾಲಿನ ವಿಷಯ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡು ನನ್ನ ಕಣ್ಣೂ ತುಂಬಿತು.

"ಮೊದ್ಲು ನಾನೇ ಆರಿಸ್ಬೇಕಾ?" ಎಂದಳು ಕೊನೆಗೆ. "ಯಾಕಣ್ಣ? ಯಾವ ಗದ್ದೇಲಿ ಏನದೆ?"

ಏನೂ ಇಲ್ಲ ಎಂದರೆ ನಂಬುವ ಹಾಗಿಲ್ಲ, ಆ ಅನುಮಾನವನ್ನು ನಾನೇ ಸಂಪಾದಿಸಿದ್ದು.

"ಇರು, ಅತ್ತೇನ ಕರ್ಕಂಡು ಬಂದು ನೋಡ್ತೀನಿ" ಎಂದಳು.

"ಕರ್ಕಂಡು ಬಾ" ಎಂದೆ. "ಅತ್ತೆ ನೋಡಿ ಬ್ಯಾಡ ಅಂದಿದ್ದು ನನಗಿರಲಿ."