ಓದಿದ ಕೊಬ್ಬು

ನಮ್ಮಂಥವರಿಗೆ ಮನಸ್ಸಿನ ಕಾಯಿಲೆ ಬರುವುದೇ ಇಲ್ಲ, ಅದಕ್ಕೂ ಪುರುಸೊತ್ತು ಬೇಕು ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದವಳು ನಾನೇ. ಈ ಬೆಳಿಗ್ಗೆ ಗುಂಡ್ಲುಪೇಟೆಯ ನನ್ನ ಬಾಡಿಗೆ ಮನೆಗೆ ಪಕ್ಕದವರ ಹುರುಳಿ ಸಾರಿನ ಒಗ್ಗರಣೆ ವಾಸನೆ ಬಂತು, ಹೊಟ್ಟೆ ಹಸಿಯಿತು. ಇದರಲ್ಲೇನು ವಿಶೇಷ ಅಂತೀರಾ? ವಾಸನೆಗೆ ಹಸಿವಾಗುವುದು ನಿಂತು ತಿಂಗಳುಗಳೇ ಆಗಿದ್ದವು.

ಉಮ್ಮತ್ತೂರಿನ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅಕ್ಕ ಕೂಲಿಗೆ ಹೋಗಿ ಓದಿಸಿದಳು. ಟೀಚರ್ ಆದ ಮೇಲೆ ಭಾನುವಾರ ತಪ್ಪದೆ ಊರಿಗೆ ಹೋಗುತ್ತಿದ್ದೆ. ಹೋದ ವರ್ಷ ಅದು ನಿಂತಿತು. ಬಸ್ ಹತ್ತುವುದಿರಲಿ, ತಲೆ ಬಾಚುವುದೇ ದೊಡ್ಡ ಕೆಲಸವಾಯಿತು. ಕೋಳಿ ಕೂಗುವ ಮುಂಚೆಯೇ ಎಚ್ಚರ; ಎದೆಯ ಮೇಲೆ ಬೀಸುಕಲ್ಲು ಇಟ್ಟಂತೆ. ಕಾಪಿ ಪುಸ್ತಕ ತಿದ್ದಲು ಕೂತರೆ ಅದೇ ಸಾಲು ಮತ್ತೆ ಮತ್ತೆ. ಅಕ್ಕನ ಫೋನು ಹೊಡೆದುಕೊಳ್ಳುತ್ತಿತ್ತು, ನೋಡುತ್ತ ಕೂರುತ್ತಿದ್ದೆ.

ಒಮ್ಮೆ ಎತ್ತಿದಾಗ, "ಓದಿದ್ ಕೊಬ್ಬು ಕಣಮ್ಮಿ ನಿಂಗೆ. ನಾವೆಲ್ಲ ಈಗ ಕಣ್ಗೆ ಕಾಣಕ್ಕಿಲ್ಲ," ಎಂದಳು.

ನಾನು ಅಲ್ಲವೆನ್ನಲಿಲ್ಲ. ನಾಚಿಕೆಯಿಂದಲೇ ಹೇಳುತ್ತೇನೆ: ಹುಚ್ಚಿ ಅನ್ನಿಸಿಕೊಳ್ಳುವುದಕ್ಕಿಂತ ಕೊಬ್ಬಿದವಳು ಅನ್ನಿಸಿಕೊಳ್ಳುವುದೇ ವಾಸಿ ಎನಿಸಿತು. ಕೊಬ್ಬಾದರೂ ಡಿಗ್ರಿಗೆ ಒಪ್ಪುತ್ತದಲ್ಲ!

ಒಂದು ಸಂಜೆ ಬಟ್ಟೆ ಮಡಚುತ್ತಿದ್ದಾಗ, ನಾಳೆ ಏಳದೇ ಹೋದರೆ ಸಾಕು ಅನ್ನಿಸಿತು. ಆ ಯೋಚನೆಗೆ ನಾನು ಬೆಚ್ಚಲಿಲ್ಲ, ಬೆಚ್ಚದಿದ್ದುದೇ ಹೆದರಿಸಿತು. ಅಕ್ಕನಿಗೆ ಫೋನ್ ಮಾಡಿ ಹಾಗೆಯೇ ಹೇಳಿದೆ. "ಬಾಗ್ಲು ತಗ್ದು ಕೂತಿರು, ಬಂದೆ. ಫೋನ್ ಮಡಗ್ಬೇಡ," ಎಂದಳು. ಬಸ್ಸಿನ ದಾರಿಯುದ್ದಕ್ಕೂ ಫೋನಿನಲ್ಲೇ ಬೈದಳು, ಅತ್ತಳು.

ಮರುದಿನ ಚಾಮರಾಜನಗರದ ಡಾಕ್ಟರು ಖಿನ್ನತೆ ಎಂದರು. "ಎರಡು ವಾರ ಹೀಗೇ ಇದ್ದಾಗಲೇ ಬರಬೇಕಿತ್ತಮ್ಮ. ಸಾಯೋ ಯೋಚನೆ ಬಂದರಂತೂ ಕಾಯಲೇಬಾರದು."

"ಜಾಸ್ತಿ ಓದುದ್ರೆ ಇಂಗಾಯ್ತದಾ ಸಾರ್?" ಅಕ್ಕ ಕೇಳಿದಳು.

"ಓದದೇ ಇರೋರೂ ಬರ್ತಾರೆ ಕಣಮ್ಮ, ದಿನಾ."

ಮಾತ್ರೆ ಶುರುವಾಯಿತು. ಶಾಲೆಗೆ ಮಾತ್ರ ಕಾಮಾಲೆ ಎಂದು ಹೇಳಿ ಕೆಲವು ವಾರ ರಜೆ ಪಡೆದಿದ್ದೆ. ಇವತ್ತು ಮತ್ತೆ ಕೆಲಸಕ್ಕೆ ಸೇರಲು ಫಿಟ್‌ನೆಸ್ ಸರ್ಟಿಫಿಕೇಟ್ ಕೊಡಬೇಕಿತ್ತು. ಅದರಲ್ಲಿ ಕಾಯಿಲೆಯ ಹೆಸರಿತ್ತು. ಹೆಡ್‌ಮೇಡಂ ಮೇಜಿನ ಮುಂದೆ ಅದನ್ನು ಮಡಚಿ ಹಿಡಿದೇ ನಿಂತೆ. ಬೆವರಿಗೆ ಕಾಗದ ಮೆತ್ತಗಾಯಿತು. ಕೊನೆಗೆ ನಾನೇ ಬಿಡಿಸಿ ಕೊಟ್ಟೆ.

"ಕಾಮಾಲೆ ಅಲ್ಲ ಮೇಡಂ."

ಅವರು ಓದಿ ತಲೆಯೆತ್ತಿದರು. ನಾನು ನೆಲ ನೋಡಿದೆ. ನನ್ನ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಕ್ಕೇ ಬಂದುಬಿಟ್ಟಳು.

"ವಾಸಿ ಆಯ್ತಾವ್ಳೆ ಮೇಡಂ, ಮಾತ್ರೆ ಇನ್ನೂ ಅವೆ. ಊಟ ಬುಟ್ಟು ಸುಮ್ಕೆ ಕೂತಿದ್ರೆ ನಂಗೊಂದ್ ಫೋನ್ ಮಾಡಿ. ಬತ್ತೀನಿ."